ಹೊಳೆವ್ವನ ಸಂಚಿಯೊಳಗಿನ ಬ್ಯಾಟರಿ

ಬಾಯಿ ತೆರೆದ ಹಗೇವಿಗೆ ಆಗಿಂದಾಗಲೇ ಇಳಿದವನು ಸಾಯುತ್ತಾನೆ. ಇದು ನಿಮಗೆ ಗೊತ್ತಿದೆ. ಗೊತ್ತಿಲ್ಲ ಅನ್ನಬೇಡಿ. ನೆಲದೊಳಗೆ ಆಳವಾಗಿ ಗುಂಡಿ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಹೇರಿ ಮಣ್ಣು ಮೆತ್ತುವ ನಮ್ಮ ಸೀಮೆಯಲ್ಲಿ ತೊಟ್ಟಿಲ ಕೂಸನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿರುವ ಮಾತಿದು. ಮುಚ್ಚಿಟ್ಟ ಕಾಳು ಒಳಗಿನ ಗಾಳಿಯನ್ನು ಕೆಡಿಸಿ ವಿಷ ಮಾಡಿಟ್ಟಿರುತ್ತದೆ. ಅದಕ್ಕೇ ಹಿರಿಯರು ಕಲ್ಲು ಸರಿಸಿದ ಮೇಲೆ ಒಂದು ಹಗಲು ಹಾಗೇ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ಕಂದೀಲು ಉರಿದರೆ ಮನುಷ್ಯ ಇಳಿಯಬೇಕು, ಆರಿದರೆ ಕಾಯಬೇಕು. ಇಷ್ಟೇ. ಇದಕ್ಕೆ ಶಾಲೆಯ ಮೆಟ್ಟಿಲು ಹತ್ತಬೇಕಾಗಿಲ್ಲ.

ಇಷ್ಟು ಗೊತ್ತಿದ್ದ ಊರಿನಲ್ಲಿಯೇ ಧರೆಪ್ಪ ಸತ್ತ. ಗೊತ್ತಿದ್ದವನೇ ಅವನನ್ನು ಇಳಿಸಿದ. ಗೊತ್ತಿದ್ದವರೇ ಸುತ್ತಲೂ ನಿಂತು ನೋಡಿದರು. ಆಮೇಲೆ ಎಲ್ಲರೂ ಕೂಡಿ ಅವನನ್ನು ಕುಡುಕ ಅಂದರು.

ಧರೆಪ್ಪನ ಹೆಂಡತಿ ಹೊಳೆವ್ವ. ಬೀಳಗಿಯ ಸಂತೆಯಲ್ಲೋ ಜಮಖಂಡಿಯ ಬಜಾರದಲ್ಲೋ ನೀವು ಆಕೆಯನ್ನು ಕಂಡಿರುತ್ತೀರಿ. ಹೊಳೆಯ ದಂಡೆಯ ಅನಗವಾಡಿಯವಳು, ಹಾಲುಮತದ ಮನೆತನ, ಕುರಿಯೇ ಬದುಕು. ಹೆಗಲ ಮೇಲೆ ಕರಿ ಕಂಬಳಿ, ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ. ಆ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಬೀರೇಶ್ವರನ ಭಂಡಾರದ ಒಂದು ಗಂಟು, ಅದರ ಜೊತೆಗೆ ಅಂಗೈಯಗಲದ ಒಂದು ಬ್ಯಾಟರಿ. ಭಂಡಾರದ ಅರಿಶಿನ ಹತ್ತಿ ಹತ್ತಿ ಅದರ ತಗಡಿನ ಮೈ ಹಳದಿಯಾಗಿ ಹೋಗಿದೆ.

ಅದು ಅಂಗಡಿಯಲ್ಲಿ ಸಿಗುವ ಉದ್ದನೆಯ ಸೆಲ್ ಬ್ಯಾಟರಿಯಲ್ಲ. ಪಕ್ಕಕ್ಕೊಂದು ಹಿಡಿಕೆಯಿದೆ. ಮುಷ್ಟಿಯಲ್ಲಿ ಹಿಡಿದು ಹಿಚುಕಿದರೆ ಒಳಗಿನ ಗಾಲಿ ಗುಂಯ್ ಎಂದು ತಿರುಗಿ ಮುಂದಿನ ಗಾಜಿನಲ್ಲಿ ಬೆಳಕು ಬರುತ್ತದೆ. ಹಿಚುಕುತ್ತ ಇರುವವರೆಗೆ ಬೆಳಕು. ಕೈ ನಿಂತರೆ ಕತ್ತಲೆ. ಸೆಲ್ ಮುಗಿಯಿತೆಂಬ ಗೊಡವೆಯಿಲ್ಲ. ಕೈಯ ಕಸುವೇ ಅದಕ್ಕೆ ಕೂಳು. ಜನ ಅದಕ್ಕೆ ಹಿಚುಕು ಬ್ಯಾಟರಿ ಅನ್ನುತ್ತಾರೆ.

ಹೊಳೆವ್ವನಿಗೆ ಅದು ದಿನದ ಸಾಮಾನು. ನಸುಕಿನಲ್ಲಿ ದೊಡ್ಡಿಗೆ ಹೋಗಿ ಹೊಸದಾಗಿ ಈದ ಕುರಿಯ ಕೆಳಗೆ ಬೆಳಕು ಬಿಟ್ಟು ನೋಡುತ್ತಾಳೆ. ಕುಂಟುವ ಟಗರಿನ ಗೊರಸಿನ ಸಂದಿಯಲ್ಲಿ ಮುಳ್ಳು ಹುಡುಕುತ್ತಾಳೆ. ಕುಳ್ಳಿನ ರಾಶಿಗೆ ಕೈ ಹಾಕುವ ಮೊದಲು ಚೇಳಿದೆಯೇ ಎಂದು ಬೆಳಕು ಹಾಯಿಸುತ್ತಾಳೆ. ನೆರೆಮನೆಯ ಕೂಸು ಗಂಟಲು ಹಿಡಿದು ಅತ್ತರೆ ಅದರ ಬಾಯಿ ತೆರೆಸಿ ಒಳಗೆ ಬೆಳಕು ಬಿಟ್ಟು, "ಗಂಟ್ಲಾ ಕೆಂಪಗಾಗೇತಿ ಯವ್ವಾ, ಡಾಕ್ಟರ ಕಡೆ ನಡಿ" ಅನ್ನುತ್ತಾಳೆ. ಒಮ್ಮೆ ದೀಪ ಸುಟ್ಟುಹೋದಾಗ ಬನಹಟ್ಟಿಯ ಸೈಕಲ್ ಅಂಗಡಿಗೆ ಹೋಗಿ ಬೇರೆ ದೀಪ ಹಾಕಿಸಿಕೊಂಡು, ಗಾಲಿಗೆ ಮಗ್ಗದ ಎಣ್ಣೆಯ ಹನಿ ಬಿಡಿಸಿಕೊಂಡು ಬಂದಿದ್ದಳು. ಕೇಳಿದವರಿಗೆಲ್ಲ ಬೆಳಕು ಕೊಡುತ್ತಾಳೆ. ಬ್ಯಾಟರಿ ಮಾತ್ರ ಯಾರ ಕೈಗೂ ಕೊಡುವುದಿಲ್ಲ.

"ಹೊಳೆವ್ವಾ, ನೆತ್ತಿ ಮ್ಯಾಲ ಸೂರ್ಯಾ ಅದಾನ. ಬ್ಯಾಟರಿ ಯಾತಕ್ಕ ಹೊತ್ಕೊಂಡ ತಿರಗತೀಯಬೇ?" ಎಂದು ಸಂತೆಯಲ್ಲಿ ಯಾರೋ ಚಾಷ್ಟಿ ಮಾಡಿದರೆ ಆಕೆಯ ಉತ್ತರ ಸಿದ್ಧವಿರುತ್ತದೆ.

"ಕೆಲವ್ರ ಮಾರಿ ಹಗಲೊತ್ತಿನ್ಯಾಗೂ ಕಾಣೂದಿಲ್ಲೋ ತಮ್ಮಾ. ಅದಕ್ಕ."

ಯಾರ ಮುಖ ಎಂದು ಕೇಳಬೇಕಾಗಿಲ್ಲ. ಎಲ್ಲರಿಗೂ ಗೊತ್ತು.

ಈ ಬ್ಯಾಟರಿ ಮೊದಲು ಚನಮಲ್ಲಪ್ಪ ಸಾವುಕಾರನ ಕೋಟಿನ ಕಿಸೆಯಲ್ಲಿತ್ತು. ದೊಡ್ಡ ಯುದ್ಧ ಮುಗಿದ ಮೇಲೆ ಮಿಲಿಟರಿಯವರ ಹಳೆಯ ಸಾಮಾನು ಪುಣೆಯಲ್ಲಿ ಮಾರಾಟಕ್ಕೆ ಬಂದಾಗ ತಂದದ್ದು. ಅದು ಕಿಸೆಗೆ ಬಂದ ದಿನದಿಂದ ಸಾವುಕಾರನಿಗೆ ಹಗಲೂ ಕತ್ತಲೆಯಾಗಿ ಕಾಣತೊಡಗಿತು. ಚಹದಂಗಡಿಯಲ್ಲಿ ಬಸಿಯೊಳಗೆ ಬೆಳಕು ಬಿಟ್ಟು ನೊಣ ಹುಡುಕುವನು. ಎತ್ತು ಕೊಳ್ಳಲು ಹೋದರೆ ಅದರ ಬಾಯೊಳಗೆ ಬೆಳಕು. ಎದುರಿಗೆ ಬಂದವನ ಕಣ್ಣಿಗೆ ಬೆಳಕು, ಅವನು ಮುಖ ಮುಚ್ಚಿಕೊಂಡರೆ ಹೊಟ್ಟೆ ಕುಲುಕಿಸಿ ನಗು.

"ಇದಕ್ಕ ಎಣ್ಣಿ ಬ್ಯಾಡ, ಬತ್ತಿ ಬ್ಯಾಡ, ಸೆಲ್ ಬ್ಯಾಡ. ಒಂದ ಕೈ ಇದ್ರ ಆತು" ಎಂದು ಜಮಖಂಡಿಯ ಚಹದಂಗಡಿಯಲ್ಲಿ ಹೇಳಿಕೊಂಡಿದ್ದ.

"ಆ ಕೈ ಯಾರದಾದ್ರೂ ನಡೀತೈತೇನ್ರಿ ಸಾವ್ಕಾರ್ರ?" ಎಂದು ಯಾರೋ ಕೇಳಿದ್ದರು.

"ಯಾರದಾದ್ರೂ ನಡೀತೈತಿ" ಅಂದಿದ್ದ ಸಾವುಕಾರ. ಖರೆಯನ್ನೇ ಹೇಳಿದ್ದ. ಆ ಹಿಡಿಕೆ ಹಿಚುಕುವುದು ಸುಲಭವಲ್ಲ, ಸ್ವಲ್ಪ ಹೊತ್ತಿಗೇ ಹೆಬ್ಬೆರಳು ನೋಯುತ್ತದೆ. ಅದಕ್ಕೇ ಬೆಳಕು ಬೇಕಾದಾಗಲೆಲ್ಲ ಸಾವುಕಾರ ಪಕ್ಕದವನ ಕೈಗೆ ಬ್ಯಾಟರಿ ಕೊಡುತ್ತಿದ್ದ. ಬಹಳ ಸಲ ಆ ಪಕ್ಕದವನು ಧರೆಪ್ಪನೇ ಆಗಿರುತ್ತಿದ್ದ. ಕುರಿ ಮೇಯಿಸುವುದರ ಜೊತೆಗೆ ಸಾವುಕಾರನ ಹಗೇವು ಇಳಿದು ಕಾಳು ತುಂಬಿಕೊಡುವ ಕೆಲಸ ಅವನದು. ಧರೆಪ್ಪ ಹಿಚುಕಬೇಕು, ಸಾವುಕಾರ ನೋಡಬೇಕು.

ಮುಂಬಯಿ ಸರಕಾರ ದಾರು ಬಂದ್ ಮಾಡಿದ ಮರುವರ್ಷದ ಮುಂಗಾರು. ಬನಹಟ್ಟಿಯ ವ್ಯಾಪಾರಿಯ ಗಾಡಿಗಳು ಜೋಳಕ್ಕೆಂದು ಬೆಳಿಗ್ಗೆಯೇ ಬಂದು ನಿಂತಿದ್ದವು. ಹೊಳೆಯ ಮೇಲಿನ ದಿಬ್ಬದಲ್ಲಿ ಸಾವುಕಾರನ ಹಿರೇ ಹಗೇವಿನ ಕಲ್ಲನ್ನು ಅದೇ ಮುಂಜಾನೆ ಸರಿಸಿದ್ದರು. ಪಡುವಣದಲ್ಲಿ ಮೋಡ ಕಟ್ಟಿತ್ತು. ಮಳೆ ಬಿದ್ದರೆ ತೆರೆದ ಹಗೇವಿಗೆ ನೀರು ಇಳಿದು ಕಾಳೆಲ್ಲ ಹಾಳು. ಹೊಳೆವ್ವ ತಲೆಯ ಮೇಲೆ ರೊಟ್ಟಿಯ ಬುಟ್ಟಿ ಹೊತ್ತು ಗಂಡನಿಗೆ ಬುತ್ತಿ ತಂದಾಗ ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದ. ಹಗ್ಗದ ಇನ್ನೊಂದು ತುದಿ ಸಾವುಕಾರನ ಆಳು ಈರಪ್ಪನ ಕೈಯಲ್ಲಿತ್ತು.

"ಕಂದೀಲ ಬಿಟ್ಟ ನೋಡೀರೇನ್ರಿ ಸಾವ್ಕಾರ್ರ?" ಧರೆಪ್ಪ ಕೇಳಿದ.

"ಕಂದೀಲ ಯಾತಕ್ಕಲೇ? ಇದನ್ನ ಹಿಡಿ." ಸಾವುಕಾರ ಕಿಸೆಯಿಂದ ಬ್ಯಾಟರಿ ತೆಗೆದು ಕೊಟ್ಟ. "ಕಂದೀಲ ಆರತೈತಿ. ಇದು ಆರೂದಿಲ್ಲ. ಇದು ಹತ್ತಿರೂತನಕ ನಿನಗೇನೂ ಆಗೂದಿಲ್ಲ."

"ಹಂಗಲ್ರಿ, ಒಂದ ಸಲ ಕಂದೀಲ..."

"ಗಾಡಿ ನಿಂತಾವ, ಮ್ಯಾಲ ಮೋಡ ಕುಂತೈತಿ. ನಿನ್ನ ಶಾಸ್ತ್ರಾ ಕೇಳ್ಕೋಂತ ಕೂಡ್ಲೇನ? ಇಳಿ."

ಈರಪ್ಪ ಬಾಯಿ ತೆರೆದಂತೆ ಮಾಡಿದ. ಸಾವುಕಾರ ಅವನ ಕಡೆ ಒಮ್ಮೆ ನೋಡಿದ. ಈರಪ್ಪ ಬಾಯಿ ಮುಚ್ಚಿದ.

ಧರೆಪ್ಪ ಹಿಡಿಕೆ ಹಿಚುಕಿ ನೋಡಿದ. ಬೆಳಕು ಬಂತು. ಎಷ್ಟು ಸಲ ಇನ್ನೊಬ್ಬರಿಗಾಗಿ ಹಿಚುಕಿದ ಕೈ ಅದು. ಇಂದು ಬೆಳಕು ತನ್ನದಾಗಿತ್ತು. ಅವನಿಗೆ ನಗು ಬಂತು. ಹೆಂಡತಿಯ ಮುಖಕ್ಕೆ ಬೆಳಕು ಬಿಟ್ಟ.

"ಹೊಳೀ, ಇಲ್ಲಿ ನೋಡ. ಸಾವ್ಕಾರ್ರ ಸೂರ್ಯಾ ನನ್ನ ಕೈಯಾಗ ಐತಿ."

"ಕಣ್ಣ ಕುಕ್ಕತೈತಿ, ತಗೀ ಅತ್ತಾಗ! ರೊಟ್ಟಿ ಆರತಾವ, ಲಗೂನ ಬಾ."

ಗಂಡಹೆಂಡಿರ ಕಡೆಯ ಮಾತು ಅದು. ಹೊಳೆವ್ವ ಅದನ್ನು ನೆನೆದು ಅತ್ತದ್ದನ್ನು ಯಾರೂ ನೋಡಿಲ್ಲ. ನೆನೆದು ಹಲ್ಲು ಕಡಿದದ್ದನ್ನು ಊರೆಲ್ಲ ನೋಡಿದೆ.

ಅವನು ಇಳಿದ. ಒಳಗಿನಿಂದ ಗುಂಯ್, ಗುಂಯ್ ಎಂಬ ಸದ್ದು ಬರುತ್ತಿತ್ತು. ಬೆಳಕು ಹಗೇವಿನ ಗೋಡೆಯ ಮೇಲೆ ಸುತ್ತು ಹಾಕುವುದು ಮೇಲಿನವರಿಗೆ ಕಾಣುತ್ತಿತ್ತು. "ಕಾಳ ಕಾಣತೈತಿ!" ಎಂದು ಕೂಗಿದ. ಬುಟ್ಟಿ ತುಂಬುವುದಕ್ಕೆಂದು ಸೊಂಟದ ಹಗ್ಗ ಬಿಚ್ಚಿದನೆಂದು ತೋರುತ್ತದೆ. ಆಮೇಲೆ ಸದ್ದು ನಿಧಾನವಾಯಿತು. ಗುಂಯ್... ಗುಂಯ್... ಆಮೇಲೆ ನಿಂತಿತು. ಬೆಳಕೂ ನಿಂತಿತು.

ಅದು ಆರಿದ್ದಲ್ಲ ಎಂಬುದನ್ನು ನೆನಪಿಡಿ. ವಿಷಗಾಳಿ ಆ ದೀಪವನ್ನು ಆರಿಸಲಾರದು. ಅದು ಕಂದೀಲಿನ ಹಾಗೆ ಉಸಿರಾಡುವ ದೀಪವಲ್ಲ. ಅದನ್ನು ಹಿಚುಕುವ ಕೈ ಸತ್ತಿತು, ಅಷ್ಟೇ.

ಈರಪ್ಪ ಹಗ್ಗ ಎಳೆದ. ಬರಿಯ ಹಗ್ಗ ಮೇಲೆ ಬಂತು. ಹೊಳೆವ್ವ ಬುಟ್ಟಿ ಎಸೆದು ಹಗೇವಿಗೆ ಹಾರಲು ಹೋದಳು. ಹೆಂಗಸರು ಹಿಡಿದು ಕೆಡವಿದರು. ಯಾರೂ ಇಳಿಯಲಿಲ್ಲ. ಈಗ ಎಲ್ಲರಿಗೂ ಗೊತ್ತಿತ್ತು, ನೋಡಿ! ಭಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ತಂದು, ಅದರ ಕೊಕ್ಕೆಗಳನ್ನು ಇಳಿಬಿಟ್ಟು ತಡಕಾಡಿದರು. ಧೋತರಕ್ಕೆ ಕೊಕ್ಕೆ ಸಿಕ್ಕಿ ಧರೆಪ್ಪ ಕೊಡದ ಹಾಗೆ ಮೇಲೆ ಬಂದ. ಅಷ್ಟರಲ್ಲಿ ಮೈ ಸೆಟೆದಿತ್ತು. ಬಲ ಮುಷ್ಟಿಯಲ್ಲಿ ಬ್ಯಾಟರಿ ಹಾಗೇ ಇತ್ತು. ಹೊಳೆವ್ವ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದನ್ನು ತೆಗೆದುಕೊಂಡು ಸಂಚಿಯಲ್ಲಿಟ್ಟಳು. ಯಾಕೆ ಹಾಗೆ ಮಾಡಿದಳೆಂದು ಆಗ ಆಕೆಗೂ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಆಕೆಯ ಕಣ್ಣಿಗೆ ಇನ್ನೊಂದು ಬಿತ್ತು. ಹಗೇವಿನಿಂದ ತೆಗೆದ ಮಣ್ಣಿನ ಗುಡ್ಡೆಯ ಹಿಂದೆ ಒಂದು ಕಂದೀಲು ಉರುಳಿತ್ತು. ಹಿಡಿಕೆಗೆ ಹಗ್ಗ ಕಟ್ಟಿಯೇ ಇತ್ತು. ಹೊಟ್ಟೆಯ ತುಂಬ ಎಣ್ಣೆ, ಬತ್ತಿ ಸುಟ್ಟಿತ್ತು, ಗಾಜಿಗೆ ಹೊಸ ಮಸಿ. ಎಣ್ಣೆ ತುಂಬಿದ ಕಂದೀಲು ತಾನಾಗಿ ಆರುವುದಿಲ್ಲ.

"ಇದನ್ನ ಯಾರ ಇಳಿಬಿಟ್ಟಿದ್ರೋ ಈರಪ್ಪಾ?" ಎಂದು ಕೇಳಿದಳು. ಈರಪ್ಪ ನೆಲ ನೋಡಿದ. ಹೊಳೆವ್ವನಿಗೆ ಅಷ್ಟು ಸಾಕಾಯಿತು. ತಾನು ಬರುವ ಮೊದಲೇ ಕಂದೀಲು ಇಳಿದಿತ್ತು, ಆರಿತ್ತು. ಆರಿದ್ದನ್ನು ನೋಡಿಯೇ ಸಾವುಕಾರ ಕಿಸೆಗೆ ಕೈ ಹಾಕಿದ್ದ.

ಪಂಚರು ಬಂದರು, ಪೊಲೀಸರು ಬಂದರು. ಸಾವುಕಾರ ಕೊಡೆ ಹಿಡಿದು ನಿಂತು ಹೇಳಿದ: ಧರೆಪ್ಪ ಕುಡಿದಿದ್ದ, ಹಗೇವಿನ ಬಾಯಲ್ಲಿ ಕಾಲು ಜಾರಿ ಬಿದ್ದ. ಈರಪ್ಪ ಹೂಂಗುಟ್ಟಿದ: ವಾಸನೆ ಬರುತ್ತಿತ್ತು. ಉಳಿದವರು ತಲೆಯಾಡಿಸಿದರು. ಸಾವುಕಾರನ ಹೊಲವಿಲ್ಲದೆ ಬದುಕುವವರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ. ದಾರು ಬಂದಾದ ಕಾಲ; ಕುಡಿದು ಸತ್ತರೆ ಸತ್ತವನೇ ಅಪರಾಧಿ. ಹೆಣ ಇನ್ನೂ ಅಂಗಳದಲ್ಲಿರುವಾಗ ದಾರು ಹುಡುಕಲು ಮನೆಯ ಝಡತಿ ಆಯಿತು. ಅಂಬಲಿಯ ಗಡಿಗೆಗೂ ಮೂಗು ಹಿಡಿದು ನೋಡಿ, ಮಜ್ಜಿಗೆ ಚೆಲ್ಲಿ ಹೋದರು. ಏನೂ ಸಿಗಲಿಲ್ಲ. ಸಿಗದಿದ್ದರೂ ಕುಡುಕ ಕುಡುಕನಾಗಿಯೇ ಉಳಿದ.

ಧರೆಪ್ಪ ಬೀರೇಶ್ವರನ ಪಾಲಕಿಗೆ ಹೆಗಲು ಕೊಡುವವನು. ಹೆಗಲು ಕೊಡುವವರು ದಾರು ಮುಟ್ಟುವುದಿಲ್ಲವೆಂದು ಭಂಡಾರ ಎತ್ತಿ ಆಣೆ ಮಾಡಿರುತ್ತಾರೆ. ಪಾಲಕಿ ಏಳುವ ದಿನ ಅಂಥವರ ಮನೆಯಿಂದ ಭಂಡಾರ ಹೋಗಬೇಕು. ಆ ವರ್ಷ ಹೊಳೆವ್ವ ತಟ್ಟೆಯಲ್ಲಿ ಭಂಡಾರ ತುಂಬಿಕೊಂಡು, ಮಗಳು ಪದ್ಮವ್ವನ ಕೈ ಹಿಡಿದು ಗುಡಿಗೆ ಹೋದಳು. ಪೂಜಾರಿ ಅಮಸಿದ್ದಪ್ಪ ಬಾಗಿಲಲ್ಲೇ ತಡೆದ.

"ಆಣಿ ಮುರದವನ ಮನಿ ಭಂಡಾರ ದೇವ್ರಿಗೆ ನಡ್ಯೂದಿಲ್ಲ ತಂಗೆವ್ವಾ. ಹೊಳ್ಳಿ ಒಯ್ಯಿ."

ಆಕೆ ಮರಳಿ ಒಯ್ದಳು. ತಟ್ಟೆಯ ಭಂಡಾರವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಸಂಚಿಯಲ್ಲಿ ಬ್ಯಾಟರಿಯ ಪಕ್ಕದಲ್ಲಿಟ್ಟಳು. ಆಕೆಗೆ ಬೇಕಾದದ್ದು ಅಂದಿನಿಂದ ಒಂದೇ. ಚನಮಲ್ಲಪ್ಪ ಅದೇ ಭಂಡಾರ ಎತ್ತಿ, ಧರೆಪ್ಪ ಕುಡಿದಿರಲಿಲ್ಲ, ಕಂದೀಲು ಆರಿದ್ದು ನೋಡಿಯೂ ನಾನೇ ಇಳಿಸಿದೆ ಎಂದು ತನ್ನ ಬಾಯಿಂದ ಹೇಳಬೇಕು. ಹೇಳುವವರೆಗೆ ಅವನನ್ನು ಬಿಡಬಾರದು.

ಆ ಸಾವುಕಾರನ ನಾಚಿಕೆಗೇಡಿತನ ನೋಡಿ: ದಿನಕರ್ಮ ಮುಗಿಯುತ್ತಲೇ ಬ್ಯಾಟರಿ ಇಸಿದುಕೊಂಡು ಬಾ ಎಂದು ಈರಪ್ಪನನ್ನು ಕಳಿಸಿದ.

"ಹೊಳೆವ್ವಕ್ಕಾ, ಸಾವ್ಕಾರ್ರು ಬ್ಯಾಟರಿ ಕೇಳ್ಯಾರ."

"ಕೊಡತೀನಿ. ಅವರ ಬರ್ಲಿ. ಬಂದು, ಭಂಡಾರ ಎತ್ತಿ ಖರೆ ಹೇಳಿ, ಒಯ್ಲಿ." ಸಂಚಿ ಬಿಚ್ಚಿ ಗಂಟು ಮುಂದೆ ಚಾಚಿದಳು. "ಅವರ ಬರೂತನಕ ನೀನ ಎತ್ತತೀಯೇನ? ಧರೆಪ್ಪನ ಬಾಯಾಗ ವಾಸನಿ ಇತ್ತು ಅಂತ ಇದನ್ನ ಹಿಡದು ಹೇಳ."

ಈರಪ್ಪ ಹಾವು ಕಂಡವನಂತೆ ಹಿಂದೆ ಸರಿದ.

"ಪೊಲೀಸ್ರ ಮುಂದ ನಾಲಿಗಿ ಛಲೋ ಹೊರಳಿತ್ತಲ್ಲೋ. ಬೀರಪ್ಪನ ಮುಂದ ಯಾಕ ಹೊರಳವಲ್ದು? ಹೋಗ, ಹೇಳ ನಿಮ್ಮ ಸಾವ್ಕಾರಗ. ಅವರ ಸೂರ್ಯಾ ನನ್ನ ಕಡೆ ಐತಿ ಅಂತ."

ಕಳವಿನ ಫಿರ್ಯಾದಿ ಕೊಡಬಹುದಿತ್ತು ಸಾವುಕಾರ. ಕೊಡಲಿಲ್ಲ. ಕೊಟ್ಟರೆ, ಬ್ಯಾಟರಿ ಧರೆಪ್ಪನ ಕೈಗೆ ಹೇಗೆ ಹೋಯಿತೆಂದು ಕೇಳುತ್ತಾರೆ. ಕಾಲು ಜಾರಿ ಬಿದ್ದ ಕುಡುಕನ ಕಥೆಯಲ್ಲಿ ಬ್ಯಾಟರಿಗೆ ಜಾಗವಿರಲಿಲ್ಲ. ಹೊಳೆವ್ವ ಇದನ್ನು ಬೇಗ ತಿಳಿದುಕೊಂಡಳು. ತಿಳಿದುಕೊಂಡ ಮೇಲೆ ಬೇಟೆಗೆ ಇಳಿದಳು.

ಸಾವುಕಾರ ಮುಂಜಾನೆ ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಕೂತಿದ್ದರೆ ಆಕೆಯ ಕುರಿಹಿಂಡು ಅದೇ ದಾರಿಯಲ್ಲಿ ಬರುತ್ತಿತ್ತು. ಸಂಚಿಯಿಂದ ಬ್ಯಾಟರಿ ತೆಗೆದು, ಗುಂಯ್ ಎಂದು ಹಿಚುಕಿ ಅವನ ಮುಖಕ್ಕೆ ಬೆಳಕು ಬಿಟ್ಟು, ಕುರಿ ಹೊಡೆದುಕೊಂಡು ಮುಂದೆ ಹೋಗುತ್ತಿದ್ದಳು. ಬೀಳಗಿ ಸಂತೆಯಲ್ಲಿ ಅವನು ಹೋರಿಯ ಬೆನ್ನು ತಟ್ಟುತ್ತಿದ್ದರೆ ಪಕ್ಕದಲ್ಲಿ ಗುಂಯ್. ಲೋಕಾಪುರದಲ್ಲಿ ಮೋಟಾರಿಗೆ ಕಾಯುತ್ತಿದ್ದರೆ ಬೆನ್ನ ಹಿಂದೆ ಗುಂಯ್. ಒಂದು ದಿನ ಜಮಖಂಡಿಯ ಚಹದಂಗಡಿಯಲ್ಲಿ ಕಚೇರಿಯ ಶ್ರೀಧರಪಂತರ ಎದುರಿಗೆ ಕೂತು ಅವನು ಬಸಿಯಲ್ಲಿ ಚಹಾ ಸುರಿಯುತ್ತಿದ್ದಾಗ ಆಕೆ ಒಳಗೇ ನುಗ್ಗಿದಳು.

"ಏನ ಬಾಯಿ, ಏನ ಗಡಿಬಿಡಿ ಇದು?" ಪಂತರು ಗಾಬರಿಯಾದರು. "ಹುಚ್ಚಿಯೇನ ಹೋ ಈಕಿ?"

"ಹುಚ್ಚಿ ಅಲ್ರಿ ರಾಯರ. ಇದು ಸಾವ್ಕಾರ್ರದ ದೀಪ. ಇದು ಹತ್ತಿರೂತನಕ ಯಾರಿಗೂ ಏನೂ ಆಗೂದಿಲ್ಲಂತ, ಅವರ ಹೇಳ್ಯಾರ. ಅದಕ್ಕ ಅವರ ಮಾರಿಗೆ ಹಿಡದೀನಿ. ಅವರು ಚಲೋ ಇರ್ಲಿ ಅಂತ."

ಅಂಗಡಿಯೇ ನಕ್ಕಿತು. ಸಾವುಕಾರನ ಬಸಿಯ ಚಹಾ ಧೋತರದ ಮೇಲೆ ಬಿತ್ತು.

ಅಲ್ಲಿಂದ ಮುಂದೆ ಅವನ ಬೆನ್ನ ಹಿಂದೆ ಹರೆಯದವರು ಬಾಯಿಂದಲೇ ಗುಂಯ್ ಅನ್ನತೊಡಗಿದರು. ಅವನು ಹಿಂದಿರುಗಿ ನೋಡಿದರೆ ಎಲ್ಲರೂ ಆಕಾಶ ನೋಡುವರು. ಬನಹಟ್ಟಿಗೆ ಹೋದರೆ ಅಲ್ಲಿಯ ಮಗ್ಗದ ಸದ್ದಿಗೂ ಅವನು ಬೆಚ್ಚುತ್ತಾನೆಂದು ಜನ ಆಡಿಕೊಂಡರು. ಹೊಳೆವ್ವನಿಗೆ ಅದು ಸಿಹಿ ಸುದ್ದಿ. ಆದರೆ ಅವನ ಬಾಯಿ ಮಾತ್ರ ಬಿಚ್ಚಲಿಲ್ಲ.

ಆಗ ಆಕೆ ಹಗೇವುಗಳಿಗೇ ಹೋಗತೊಡಗಿದಳು. ಸುತ್ತಿನ ಊರುಗಳಲ್ಲಿ ಎಲ್ಲಿ ಕಲ್ಲು ಸರಿಸುತ್ತಾರೆಂದು ತಿಳಿದರೂ ಅಲ್ಲಿಗೆ ಕಂದೀಲು ಹಿಡಿದು ಹಾಜರು. ಇಳಿಯುವ ಗಂಡಸರನ್ನು ಕರೆದು ಹಗೇವಿನ ಬಾಯಲ್ಲಿ ಕೂಡಿಸುತ್ತಿದ್ದಳು. ಹಗ್ಗಕ್ಕೆ ಕಟ್ಟಿದ ಕಂದೀಲು ಇಳಿಬಿಡುತ್ತಿದ್ದಳು, ಅದು ಆರುತ್ತಿತ್ತು. ಆಮೇಲೆ ಬ್ಯಾಟರಿ ಹಿಚುಕಿ ಅದೇ ಕತ್ತಲೆಗೆ ಬೆಳಕು ಬಿಡುತ್ತಿದ್ದಳು. ತಳದ ಕಾಳು ಮಿಣಮಿಣ ಕಾಣುತ್ತಿತ್ತು.

"ನೋಡ್ರೆಪ್ಪಾ. ಇದು ಆರೇತಿ, ಇದು ಹತ್ತೇತಿ. ನನ್ನ ಗಂಡ ಹತ್ತಿದ್ದನ್ನ ನಂಬಿದ. ಇನ್ನ ನೀವು ಯಾವದನ್ನ ನಂಬತೀರಿ ನೋಡ್ರಿ."

ಚನಮಲ್ಲಪ್ಪನ ಹಗೇವಿಗೆ ಇಳಿಯುವುದಿಲ್ಲವೆಂದು ಮೊದಲು ಅನಗವಾಡಿಯವರು ಅಂದರು, ಆಮೇಲೆ ಸುತ್ತಿನವರೆಲ್ಲ ಅಂದರು. ಅವನ ಜೋಳ ನೆಲದೊಳಗೇ ಕೂತಿತು.

ಆಮೇಲೊಂದು ವರ್ಷ ಶ್ರಾವಣದಲ್ಲಿ ಹೊಳೆ ಏರಿತು. ಹೊಲ ದಾಟಿ, ಬನ್ನಿಯ ಮರ ದಾಟಿ, ಕೆಂಪು ನೀರು ದಿಬ್ಬದ ಬುಡಕ್ಕೆ ಬಂತು. ಇನ್ನೊಂದಿಷ್ಟು ಏರಿದರೆ ಹಿರೇ ಹಗೇವಿನೊಳಗೆ ನೀರು. ಸಾವುಕಾರ ಲೋಕಾಪುರದಿಂದ ಆಳುಗಳನ್ನು ಮೋಟಾರಿನಲ್ಲಿ ಕರೆಸಿದ. ಅವರು ಬಂದು ಕಲ್ಲು ಸರಿಸಿದರು. ಆಗ ದಿಬ್ಬದ ಮೇಲೆ ಕಂಬಳಿ ಹೊದ್ದ ಹೆಂಗಸೊಬ್ಬಳು ಕೂತದ್ದು ಕಂಡಿತು. ಕೈಯಲ್ಲಿ ಹಳದಿ ಬ್ಯಾಟರಿ.

"ಅದ ಹಗೇವೇನಬೇ ಇದು?" ಆಳುಗಳಲ್ಲಿ ಒಬ್ಬ ಕೇಳಿದ.

"ಅದ."

ಅವರು ಹಗ್ಗ ಕೆಳಗಿಟ್ಟು ಬೀಡಿ ಹಚ್ಚಿದರು.

ಊರು ಕೂಡಿತು. ಪೂಜಾರಿ ಅಮಸಿದ್ದಪ್ಪನೂ ಬಂದ. ಸಾವುಕಾರ ಬೈದ, ಬೇಡಿದ, ಮತ್ತೆ ಬೈದ. ಯಾರೂ ಏಳಲಿಲ್ಲ. ಕಡೆಗೆ ಹೊಳೆವ್ವನ ಎದುರಿಗೆ ಬಂದು ನಿಂತ.

"ಏನ ಬೇಕ ನಿನಗ? ಹೊಲಾ ಬೇಕೇನ? ಕಾಳ ಬೇಕೇನ?"

"ನನಗೇನೂ ಬ್ಯಾಡ್ರಿ. ನಿಮ್ಮ ಕಾಳು, ನಿಮ್ಮ ಹಗೇವು. ನೀವ ಇಳೀರಿ." ಬ್ಯಾಟರಿ ಮುಂದೆ ಹಿಡಿದಳು. "ತಗೋರಿ ನಿಮ್ಮ ದೀಪ. ಆರೂದಿಲ್ಲ ಇದು. ಹತ್ತಿರೂತನಕ ನಿಮಗೇನೂ ಆಗೂದಿಲ್ಲ."

ಗುಂಪಿನಲ್ಲಿ ಯಾರೋ ಬಾಯಿಂದ ಗುಂಯ್ ಅಂದರು. ಸಾವುಕಾರನ ಮುಖ ಕೆಂಪಾಯಿತು. ಕಾಳಿನ ಆಸೆಗೋ ಹಟಕ್ಕೋ, ಬ್ಯಾಟರಿ ಕಸಿದುಕೊಂಡ. ಹಗ್ಗ ಸೊಂಟಕ್ಕೆ ಬಿಗಿದು ಹಗೇವಿನ ಬಾಯಲ್ಲಿ ಕೂತು ಕಾಲು ಇಳಿಬಿಟ್ಟ. ಕೆಳಗಿನಿಂದ ಹುಳಿನಾತದ ಬಿಸಿ ಗಾಳಿ ಅವನ ಪಾದಕ್ಕೆ ತಾಕಿರಬೇಕು. ಬ್ಯಾಟರಿ ಹಿಚುಕಿದ, ಬೆಳಕು ಬಂತು. ಆ ಬೆಳಕನ್ನು ನೋಡಿದ, ಕತ್ತಲೆಯನ್ನು ನೋಡಿದ. ಕಾಲು ಮೇಲಕ್ಕೆ ಎಳೆದುಕೊಂಡ.

"ಕಂದೀಲ ತರ್ರೋ!" ಎಂದ.

ನೆರೆದವರಿಗೆಲ್ಲ ತಿಳಿಯಿತು. ತಾನು ಏನು ಹೇಳಿದೆನೆಂದು ಕಡೆಗೆ ಅವನಿಗೂ ತಿಳಿಯಿತು.

"ಕಂದೀಲ ಯಾತಕ್ರಿ ಸಾವ್ಕಾರ್ರ?" ಹೊಳೆವ್ವ ಮೆಲ್ಲಗೆ ಕೇಳಿದಳು. "ಧರೆಪ್ಪ ಕೇಳಿದಾಗ ಬ್ಯಾಡಾಗಿತ್ತು. ನಿಮಗ ಯಾಕ ಬೇಕಾತು?"

ಕಂದೀಲು ತಾನೇ ತಂದಿದ್ದಳು. ಹಚ್ಚಿ ಇಳಿಬಿಟ್ಟಳು. ಆಳುದ್ದ ಇಳಿಯುವುದರೊಳಗೆ ಅದು ಪಕ್ಕನೆ ಆರಿತು.

"ಅವತ್ತೂ ಹಿಂಗ ಆರಿತ್ತಲ್ರಿ?"

"ಆರಿತ್ತು!" ಈರಪ್ಪ ಗುಂಪಿನಿಂದ ಮುಂದೆ ಬಿದ್ದ. "ಅಕ್ಕಾ, ಆರಿತ್ತು. ಎರಡ ಸಲ ಬಿಟ್ಟೆವು, ಎರಡೂ ಸಲ ಆರಿತು. ರೇಶನ್ ಎಣ್ಣ್ಯಾಗ ನೀರ ಕೂಡೇತಿ ಅಂದ್ರು ಸಾವ್ಕಾರ್ರು..."

"ನೀ ಸುಮ್ನಿರು. ನಿನ್ನ ಸರತಿ ಆಮ್ಯಾಲ." ಹೊಳೆವ್ವ ಸಂಚಿಯಿಂದ ಗಂಟು ತೆಗೆದು ಬಿಚ್ಚಿ ಸಾವುಕಾರನ ಮುಂದೆ ಹಿಡಿದಳು. "ಇದು ಗುಡಿಯಿಂದ ಹೊಳ್ಳಿ ಬಂದ ಭಂಡಾರ. ಎತ್ರಿ."

ಹೊಳೆ ಏರುತ್ತಿತ್ತು. ಬೀಡಿ ಸೇದುವವರು ಅವನನ್ನೇ ನೋಡುತ್ತಿದ್ದರು. ಸಾವುಕಾರ ಭಂಡಾರ ಎತ್ತಿದ. ಧರೆಪ್ಪ ಕುಡಿದಿರಲಿಲ್ಲ ಎಂದ. ಕಂದೀಲು ಆರಿತ್ತು ಎಂದ. ಅಲ್ಲಿಗೆ ನಿಲ್ಲಿಸಿದ.

"ಮುಂದಿಂದು?" ಅಂದಳು ಹೊಳೆವ್ವ.

"ನೋಡಿಯೂ... ನಾನ ಇಳಿಸಿದೆ."

"ಜೋರ ಹೇಳ್ರಿ. ಹೊಳಿ ಸದ್ದಿನ್ಯಾಗ ಪೂಜಾರಿಗೆ ಕೇಳಿರಲಿಕ್ಕಿಲ್ಲ."

ಅವನು ಜೋರಾಗಿ ಹೇಳಿದ.

ಹೊಳೆವ್ವ ಮಾತಿಗೆ ತಪ್ಪುವವಳಲ್ಲ. "ಖರೆ ಹೇಳಿದ್ರ ಕೊಡತೀನಿ ಅಂದಿದ್ದೆ. ನಿಮ್ಮ ಕೈಯಾಗ ಐತಿ, ಒಯ್ರಿ" ಅಂದಳು. ಸಾವುಕಾರ ಅಂಗೈಯಲ್ಲಿದ್ದ ಬ್ಯಾಟರಿಯನ್ನು ಆಗಲೇ ನೋಡಿದವನಂತೆ ನೋಡಿ, ಕೆಂಡ ಹಿಡಿದವನ ಹಾಗೆ ಕಲ್ಲಿನ ಮೇಲೆ ಬಿಟ್ಟ. ಆಕೆ ಎತ್ತಿ ಸೆರಗಿನಿಂದ ಒರೆಸಿ ಸಂಚಿಯಲ್ಲಿಟ್ಟಳು. ಆಮೇಲೆ ಆಳುಗಳು ಎದ್ದರು. ಕಂಬಳಿಯ ಮೂಟೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಕೆಟ್ಟ ಗಾಳಿ ಹೊರಹಾಕಿದರು. ಕಂದೀಲು ಉರಿದ ಮೇಲೆಯೇ ಇಳಿದರು. ಆದರೆ ಹೊಳೆ ಅವರಿಗಾಗಿ ಕಾಯಲಿಲ್ಲ. ಅರ್ಧ ಕಾಳು ಮೇಲೆ ಬಂತು, ಅರ್ಧ ನೀರು ಕುಡಿದು ಕೊಳೆಯಿತು. ನೆರೆ ಇಳಿದ ಮೇಲೂ ಆ ನಾತ ಊರಿನ ಮೇಲೆ ನಿಂತಿತ್ತು. ಎಲ್ಲರೂ ಮೂಗು ಮುಚ್ಚಿಕೊಂಡರು. ಹೊಳೆವ್ವ ಅಂಗಳದಲ್ಲಿ ಕೂತು ಎದೆ ತುಂಬ ಉಸಿರು ಎಳೆದುಕೊಂಡಳು.

ಆ ವರ್ಷ ಅಮಸಿದ್ದಪ್ಪ ತಾನೇ ಆಕೆಯ ಬಾಗಿಲಿಗೆ ಬಂದು ಭಂಡಾರ ಕೇಳಿದ. ಆಕೆ ಅವನನ್ನು ಬಿಸಿಲಿನಲ್ಲಿ ನಿಲ್ಲಿಸಿಯೇ ಕುರಿ ಹಾಲು ಕರೆದು ಮುಗಿಸಿ, ಆಮೇಲೆ ಕೊಟ್ಟಳು. ಈರಪ್ಪನ ಸರತಿಯೂ ಬಂತು: ಯಾವ ಹಗೇವು ತೆರೆದರೂ ಕಂದೀಲು ಹೊತ್ತು ಆಕೆಯ ಹಿಂದೆ ನಡೆಯುವುದು ಈಗ ಅವನ ಪಾಲಿಗೆ ಬಂದಿದೆ. ಆಕೆಯ ಮನೆಯಲ್ಲಿ ಅವನಿಗೆ ಇಂದಿಗೂ ನೀರಿಲ್ಲ.

ಸರಕಾರದ ಕಾಗದದಲ್ಲಿ ಧರೆಪ್ಪ ಇನ್ನೂ ಕುಡುಕನೇ. ಅದನ್ನು ತಿದ್ದಲು ಯಾರೂ ಬಂದಿಲ್ಲ. ಚನಮಲ್ಲಪ್ಪ ಇನ್ನೂ ಕಟ್ಟೆಯ ಮೇಲೆ ಕೂಡುತ್ತಾನೆ. ಮುಂಜಾನೆ ಕುರಿಹಿಂಡು ಇನ್ನೂ ಅದೇ ದಾರಿಯಲ್ಲಿ ಬರುತ್ತದೆ, ಬೆಳಕು ಇನ್ನೂ ಅವನ ಮುಖದ ಮೇಲೆ ಬೀಳುತ್ತದೆ. ಹೇಳಬೇಕಾದದ್ದು ಹೇಳಿದನಲ್ಲ, ಇನ್ನಾದರೂ ಕ್ಷಮಿಸಬಾರದೇ ಎಂದು ಊರಿನ ದೊಡ್ಡವರು ಬುದ್ಧಿ ಹೇಳಲು ಹೋದರು.

"ಧರೆಪ್ಪನ್ನ ಕೇಳ್ರಿ" ಅಂದಳು. "ಅಂವ ಹೂಂ ಅಂದ್ರ ನಾನೂ ಹೂಂ."

ಆಕೆಗೆ ಬುದ್ಧಿ ಹೇಳುವುದು ಬಿಡಿ. ನಿಮ್ಮ ಮಾತಿಗೆ ಬನ್ನಿ. ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರುತ್ತೇವೆಂದು ಊರೂರಲ್ಲಿ ಸಭೆ ನಡೆಸುತ್ತಿದ್ದೀರಿ. ಸೇರಿರಿ. ಯಾವ ರಾಜ್ಯವಾದರೂ ಹಗೇವಿನ ಗಾಳಿ ಅದೇ. ಈಗ ಬ್ಯಾಟರಿ ಇಲ್ಲದ ಕಿಸೆಯೇ ಇಲ್ಲ. ಮುಧೋಳದಲ್ಲಿ, ರಬಕವಿಯಲ್ಲಿ ಓದಿದವರ ಕಿಸೆಯಲ್ಲೆಲ್ಲ ಒಂದೊಂದು ಇದೆ. ನಿಮ್ಮದನ್ನು ಮುಟ್ಟಿ ನೋಡಿಕೊಳ್ಳಿ. ಹಗೇವಿನ ಕಲ್ಲು ಸರಿಸುವ ದಿನ ಅದನ್ನು ಮನೆಯಲ್ಲಿ ಬಿಟ್ಟು ಕಂದೀಲು ತನ್ನಿ, ನಿಮ್ಮ ಕೈಯಿಂದಲೇ ಇಳಿಬಿಡಿ. ಅದು ಆರಿದ್ದನ್ನು ಕಂಡ ಮೇಲೂ ಎದುರಿಗೆ ನಿಂತ ಬಡವನಿಗೆ 'ಇಳಿ' ಅನ್ನುವ ಮಾತು ನಿಮ್ಮ ನಾಲಗೆಗೆ ಬಂದರೆ, ಅವನ ಸೊಂಟದ ಹಗ್ಗ ಬಿಚ್ಚಿ ನಿಮ್ಮ ಸೊಂಟಕ್ಕೆ ಕಟ್ಟಿಕೊಳ್ಳಿ. ನೀವು ಇಳಿಯಿರಿ.